ವಾಸ ಮಾಡುವ ಕೆಲಸ

ಆ ಅಪಾರ್ಟ್‌ಮೆಂಟನ್ನು ಕೊಂಡವರು ಅವರು. ಅದರಲ್ಲಿ ವಾಸ ಮಾಡುವ ಕೆಲಸ ನನ್ನದು. ಕೆಲಸ ಅಂತಲೇ ಹೇಳಬೇಕು. ಆಯಸ್ಸೆಲ್ಲ ಹೋಟೆಲಿನ ಬಟ್ಟೆ ಒಗೆದವಳಿಗೆ ಅದಕ್ಕಿಂತ ಹಗುರವಾದ ಕೆಲಸ ಯಾವತ್ತೂ ಸಿಕ್ಕಿರಲಿಲ್ಲ. ಆದರೂ ನನ್ನನ್ನು ಅಷ್ಟು ದಣಿಸಿದ ಕೆಲಸ ಇನ್ನೊಂದಿಲ್ಲ.

ಅದಕ್ಕೆ ಮುಂಚೆ ನಾನಿದ್ದ ಕೋಣೆ ಹೋಟೆಲಿನ ಬಟ್ಟೆ ಒಗೆಯುವ ಮನೆಯ ಮೇಲಿತ್ತು. ಚಳಿಗಾಲದಲ್ಲೂ ಗೋಡೆ ಬೆಚ್ಚಗಿರುತ್ತಿತ್ತು. ತಲೆದಿಂಬಿಗೆ ಸೋಪಿನ ವಾಸನೆ. ಹೋಟೆಲಿನ ಯಜಮಾನರು ಬದಲಾದರು. ಹೊಸಬರು ಆ ಕಟ್ಟಡ ಕೆಡವಿ ಬಿಸಿನೀರಿನ ಈಜುಕೊಳ ಮಾಡುತ್ತೇವೆ ಅಂದರು. ಒಳ್ಳೆಯ ಮಾತಿನಲ್ಲೇ ಅಂದರು, ಕೈಗೆ ಹೂವು ಕೂಡ ಕೊಟ್ಟರು. ಆ ಹೂವು ಇಡಲು ನನ್ನ ಹತ್ತಿರ ಹೂದಾನಿ ಇರಲಿಲ್ಲ, ಸೋಪಿನ ಡಬ್ಬದಲ್ಲಿಟ್ಟೆ.

ನಮ್ಮ ಬೆಟ್ಟದೂರು ಹಿಂಟರ್‌ಮೋಸ್‌ನಲ್ಲಿ ಬಾಡಿಗೆಗೆ ಮನೆ ಕೇಳಿದರೆ ಜನ ನಗುತ್ತಾರೆ. ಇರುವ ಕೋಣೆಗಳೆಲ್ಲ ಹಿಮದ ಮೇಲೆ ಜಾರಲು ಬರುವವರಿಗೆ ವಾರದ ಲೆಕ್ಕದಲ್ಲಿ ಹೋಗುತ್ತವೆ. ನನಗೆ ಉಳಿದದ್ದು ಕೆಳಗಿನ ಪಟ್ಟಣದ ವೃದ್ಧಾಶ್ರಮ. ಹೋಗಿ ನೋಡಿ ಬಂದೆ. ಸ್ವಚ್ಛವಾಗಿತ್ತು. ಒಂದು ಕೋಣೆಗೆ ಎರಡು ಮಂಚ. ಆ ಕಡೆಯ ಮಂಚದಲ್ಲಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸ ಕೆಲಸದವಳಾ? ಮೊದಲು ಈ ಹಾಸಿಗೆ ಬದಲಾಯಿಸು" ಅಂದಳು. ನಾನು ಬದಲಾಯಿಸಿದೆ, ಕೈ ತಾನಾಗಿ ಹೋಯಿತು. ವಾಪಸ್ ಬಸ್ಸು ಬೆಟ್ಟ ಹತ್ತುವಾಗ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ನನಗೆ ಬೇಕಾಗಿದ್ದದ್ದು ಏನು ಅನ್ನುವುದು ಗೊತ್ತಾಯಿತು: ಈ ಊರಿನಲ್ಲೇ, ಇರುವಷ್ಟು ದಿನ, ಯಾರೂ ಎಬ್ಬಿಸದ ಒಂದು ಮಂಚ.

ಅದೇ ವಾರ ವಿಗಿಲ್ ಬಂದ. ಜನರನ್ನು ಬೆಟ್ಟ ಹತ್ತಿಸುವ ತೂಗುಕುರ್ಚಿಗಳ ರಿಪೇರಿಯವನ ಮಗ ಅವನು. ಈಗ ಮನೆ ಮಾರಿಸುವ ದಲ್ಲಾಳಿ. ಅವನ ನಾಮಕರಣದ ಅಂಗಿಗೆ ಇಸ್ತ್ರಿ ಹಾಕಿದವಳು ನಾನು. ಒಗೆಯುವ ಯಂತ್ರಗಳ ನಡುವೆ, ಷೂ ಒದ್ದೆಯಾಗದ ಹಾಗೆ ಕಾಲು ಎತ್ತಿಡುತ್ತಾ ಬಂದು ನಿಂತ.

"ಬುರ್ಗಿಯತ್ತೆ, ನಿನಗೆ ಮನೆ ಬೇಕಂತೆ?"

"ಬೇಕು. ತಂದಿದ್ದೀಯಾ ಜೇಬಲ್ಲಿ?"

"ತಂದಿದ್ದೀನಿ ಅಂತಲೇ ಇಟ್ಕೋ. ಉತ್ತರದ ಕಡೆಯವರು, ಹಲ್ಲಿನ ಡಾಕ್ಟರು, ಗಂಡ ಹೆಂಡತಿ. ಇಳಿಜಾರಿಗೆ ಮುಖ ಮಾಡಿರೋ ಆ ಹೊಸ ಕಟ್ಟಡದಲ್ಲಿ ಒಂದು ಅಪಾರ್ಟ್‌ಮೆಂಟ್ ಕೊಳ್ಳಬೇಕು ಅಂತಿದ್ದಾರೆ. ದುಡ್ಡಿದೆ. ವಾಸ ಮಾಡೋಕೆ ಆಗಲ್ಲ. ನಿನಗೆ ವಾಸ ಮಾಡೋಕಾಗುತ್ತೆ, ದುಡ್ಡಿಲ್ಲ. ಎರಡನ್ನೂ ಸೇರಿಸಿದ್ರೆ ಒಂದು ಸಂಸಾರ."

ನಮ್ಮ ಊರಿನಲ್ಲಿ ಮನೆ ಕೊಂಡರೆ ಅದರಲ್ಲಿ ಬದುಕಬೇಕು. ರಜೆಗೆ ಬಂದು ಹೋಗುವುದಕ್ಕೆ ಮಾತ್ರ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡದ್ದು ಗೊತ್ತಾದರೆ ಪಂಚಾಯಿತಿಯವರು ಬೀಗ ಹಾಕಿಸುತ್ತಾರೆ. ಇಲ್ಲದಿದ್ದರೆ ಊರಿನಲ್ಲಿ ಊರಿನವರೇ ಇರುವುದಿಲ್ಲ ಅಂತ ಮಾಡಿದ ಕಾನೂನು. ಹಾಗಿದ್ದೂ ನವೆಂಬರ್ ಸಂಜೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ನೋಡಿದರೆ ಅರ್ಧಕ್ಕರ್ಧ ಊರು ಕತ್ತಲೆ.

"ನಾನೇನು ಮಾಡಬೇಕು?" ಅಂದೆ.

"ಇರಬೇಕು, ಅಷ್ಟೇ. ಪಂಚಾಯಿತಿ ಪುಸ್ತಕದಲ್ಲಿ ನಿನ್ನ ಹೆಸರು. ಸಂಜೆ ದೀಪ ಹಾಕು, ಬಾಲ್ಕನಿಯಲ್ಲಿ ಒಂದೆರಡು ಬಟ್ಟೆ ಹರವು, ಕಸ ಹೊರಗಿಡು."

"ಅವರು ಬಂದಾಗ?"

ವಿಗಿಲ್ ತಿರುಗುತ್ತಿದ್ದ ಯಂತ್ರದ ಗಾಜಿನೊಳಗೆ ನೋಡಿದ. "ಕ್ರಿಸ್‌ಮಸ್, ಫೆಬ್ರವರಿ, ಈಸ್ಟರ್. ಆವಾಗ ಎಲ್ಲಾದ್ರೂ ಹೋಗಿದ್ದು ಬಾ."

"ಎಲ್ಲಿಗೆ?"

"ಅಯ್ಯೋ ಅತ್ತೆ, ಎಲ್ಲಾನೂ ನಾನೇ ಹೇಳಬೇಕಾ?"

ಅವರು ಮನೆ ನೋಡಲು ಬಂದ ದಿನ ನನ್ನನ್ನೂ ಕರೆದುಕೊಂಡು ಹೋದ. ಮೂರನೇ ಮಹಡಿ, ಒಂದು ಮಲಗುವ ಕೋಣೆ, ಅಡುಗೆಮನೆಯೂ ಕೂರುವ ಜಾಗವೂ ಸೇರಿದ ಒಂದು ಹಾಲ್, ಬಾಲ್ಕನಿ. ಹೊಸ ಮರದ ವಾಸನೆ. ಡಾಕ್ಟರ್ ಬ್ರೋಡರ್ಸನ್ ಬಾಲ್ಕನಿಗೆ ಹೋದವರು ಒಳಗೆ ಬರಲೇ ಇಲ್ಲ. ಎತ್ತರದ ಮನುಷ್ಯ, ಬಾಯಿಗಳೊಳಗೆ ಬಗ್ಗಿ ಬಗ್ಗಿ ಬೆನ್ನು ಕೊಂಚ ಬಾಗಿತ್ತು.

"ನಮ್ಮ ಕಡೆ ಬೆಟ್ಟ ಅಂದ್ರೆ ಸಮುದ್ರಕ್ಕೆ ಹಾಕಿರೋ ಏರಿ" ಅಂದರು, ನನಗೋ ಬೆಟ್ಟಕ್ಕೋ ಗೊತ್ತಾಗಲಿಲ್ಲ. "ಅದರ ಮೇಲೂ ಕುರಿಗಳು ನಿಂತಿರ್ತವೆ. ನಮಗೆ ಜಾಗ ಇರಲ್ಲ."

ಅವರ ಹೆಂಡತಿ ವೀಬ್ಕೆ ಸಣ್ಣ ಹೆಂಗಸು, ಕಣ್ಣ ಕೆಳಗೆ ಕಪ್ಪು. ಅವರಿಗೂ ದಣಿವಿತ್ತು ಅಂತ ಆಗಲೇ ಅನ್ನಿಸಿತು. ದಣಿದವರ ಗುರುತು ದಣಿದವರಿಗೆ ಬೇಗ ಹತ್ತುತ್ತದೆ. "ನಿಮಗೆ ಬೇಜಾರಿಲ್ಲ ತಾನೆ? ವರ್ಷಕ್ಕೆ ಮೂರು ಸಲ ನಿಮಗೆ ತೊಂದರೆ" ಅಂದರು.

"ಮಂಚ ಎಲ್ಲಿ ಹಾಕಿಸ್ತೀರಿ?" ಅಂದೆ.

"ನಿಮಗೆ ಎಲ್ಲಿ ಬೇಕು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮೂಡಣ ಗೋಡೆ ತೋರಿಸಿದೆ. ಅಲ್ಲಿಯೇ ಹಾಕಿಸಿದರು.

ಕ್ರಯಪತ್ರ ಆದ ದಿನ ನಾನು ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ವಕೀಲರು ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು, ಪಾದ್ರಿ ಜಪ ಹೇಳಿದ ಹಾಗೆ ಒಂದೇ ದನಿ. ನಿದ್ದೆ ಹೋದೆ. ವಿಗಿಲ್ ಬಂದು ಭುಜ ಅಲ್ಲಾಡಿಸಿ, "ಏಳತ್ತೆ, ಮನೆ ಆಯ್ತು" ಅಂದ. ಯಾರ ಮನೆ ಅಂತ ನಾನೂ ಕೇಳಲಿಲ್ಲ.

ಮೊದಲ ಕೆಲವು ದಿನ ಕೋಟು ಹಾಕಿಕೊಂಡೇ ಕುರ್ಚಿಯ ಮೇಲೆ ಕೂರುತ್ತಿದ್ದೆ, ಯಾರೋ ಕರೆಯುವವರೆಗೆ ಕಾಯುವವಳ ಹಾಗೆ. ಬೆಳಕು ಇಳಿಯುತ್ತಲೇ ಎದ್ದು ದೀಪ ಹಾಕುವುದು, ಹಾಲಿನದು ಮೊದಲು, ಆಮೇಲೆ ಕೋಣೆಯದು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದು ಬಾಲ್ಕನಿಯಲ್ಲಿ ಹಾಕಿದೆ. ನನ್ನೊಬ್ಬಳ ಕಸ ಎಷ್ಟಿದ್ದೀತು? ಚೀಲದ ತಳಕ್ಕೆ ಹಳೆ ಪತ್ರಿಕೆ ತುಂಬಿ ಊದಿಸಿ ಹೊರಗಿಟ್ಟೆ. ಒಬ್ಬಳು ಬದುಕುತ್ತಿದ್ದಾಳೆ ಅಂತ ತೋರಿಸುವುದಕ್ಕೆ ಎಷ್ಟು ಸಲ ಎದ್ದು ಕೂರಬೇಕೋ, ಬದುಕುವುದಕ್ಕೆ ಅಷ್ಟು ಬೇಡ.

ನನ್ನ ಗೆಳತಿ ಸೆಂಜಿ ಮೊದಲ ಸಲ ಬಂದಾಗ ಬಾಗಿಲಲ್ಲೇ ಷೂ ಕಳಚಿ, ತನ್ನ ಮನೆಚಪ್ಪಲಿಯನ್ನು ಚೀಲದಿಂದ ತೆಗೆದು ಹಾಕಿಕೊಂಡು, ಹಾಲ್ ಪೂರ್ತಿ ಒಂದು ಸುತ್ತು ಹಾಕಿದಳು. ಸೆಂಜಿ ಅದೇ ಹೋಟೆಲಿನಲ್ಲಿ ಅಡುಗೆಯವಳಾಗಿದ್ದವಳು. ನಾಲಿಗೆಗೆ ಉಪ್ಪು ಖಾರ ಎರಡೂ ಜಾಸ್ತಿ.

"ಏನೇ ಬುರ್ಗಿ, ಅಂಗಡಿ ಗಾಜಿನೊಳಗೆ ನಿಲ್ಲಿಸೋ ಬೊಂಬೆ ಕೆಲಸ ಸಿಕ್ತಲ್ಲ ನಿನಗೆ. ಬೊಂಬೆಗೆ ಊಟ ಹಾಕ್ತಾರಾ?"

"ಊಟ ನಂದೇ."

"ಹಾಗಾದ್ರೆ ಬೊಂಬೆಗಿಂತ ಕಡೆ."

ಆದರೂ ಮನೆಗೆ ಮನುಷ್ಯರ ವಾಸನೆ ಹಿಡಿಯುವುದು ಯಾರನ್ನೂ ಕೇಳಿ ಅಲ್ಲ. ಹುಳಿ ಎಲೆಕೋಸಿನ ಭರಣಿ ಬಂತು. ಕಿಟಕಿಯ ಕೆಳಗಿನ ಕುರ್ಚಿಗೆ ನನ್ನ ಬೆನ್ನಿನ ಆಕಾರ ಬಂತು. ಯಾವ ನಲ್ಲಿ ಎಷ್ಟು ತಿರುಗಿಸಿದರೆ ಕೊಳವೆ ಗೊಗ್ಗರು ದನಿ ತೆಗೆಯುತ್ತದೆ ಅನ್ನುವುದು ಕೈಗೆ ಗೊತ್ತಾಯಿತು. ಸುಳ್ಳಿಗೆ ಹರವುತ್ತಿದ್ದ ಬಟ್ಟೆಗಳ ಜಾಗದಲ್ಲಿ ನಿಜವಾಗಿ ಕೊಳೆಯಾದ ಬಟ್ಟೆ ಬಂದವು. ದೀಪ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮೈ ಬಿಸಿಯಾಗಿ ಮಲಗಿದ್ದಾಗಲೂ ಗೋಡೆ ಹಿಡಿದು ಎದ್ದು ಹೋಗಿ ಹಾಕಿದೆ. ಅದು ನನ್ನ ಬಾಡಿಗೆ.

ಆ ಮೊದಲ ಕ್ರಿಸ್‌ಮಸ್‌ಗೆ ಬ್ರೋಡರ್ಸನ್‌ರು ಬರಲಿಲ್ಲ, ಡಾಕ್ಟರ ತಾಯಿಗೆ ಹುಷಾರಿರಲಿಲ್ಲ. ಹಾಗಾಗಿ ಜನವರಿ ಆರರ ಮೂರು ರಾಜರ ಹಬ್ಬಕ್ಕೆ ನಾನೇ ಮನೆಯಲ್ಲಿದ್ದೆ. ಆ ಹಬ್ಬದ ಹಿಂದಿನ ದಿನಗಳಲ್ಲಿ ಮಕ್ಕಳು ರಟ್ಟಿನ ಕಿರೀಟ ಇಟ್ಟುಕೊಂಡು, ಕೋಲಿನ ತುದಿಗೆ ನಕ್ಷತ್ರ ಕಟ್ಟಿಕೊಂಡು ಮನೆಮನೆಗೆ ಬರುತ್ತಾರೆ. ಹಾಡಿ, ಬಾಗಿಲ ಮೇಲುಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ವರ್ಷವನ್ನೂ ಆ ರಾಜರ ಹೆಸರಿನ ಮೂರು ಅಕ್ಷರಗಳನ್ನೂ ಬರೆದು ಹೋಗುತ್ತಾರೆ. ಅದನ್ನು ಯಾರೂ ಒರೆಸುವುದಿಲ್ಲ. ಮುಂದಿನ ವರ್ಷದ ಮಕ್ಕಳು ಬರುವವರೆಗೆ ಅದು ಮನೆ ಕಾಯುತ್ತದೆ. ರಜೆಯವರ ಬಾಗಿಲನ್ನು ಮಕ್ಕಳು ತಟ್ಟುವುದಿಲ್ಲ. ಯಾವ ಬಾಗಿಲಿನ ಹಿಂದೆ ಊರಿನವರಿದ್ದಾರೆ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದಿದ್ದರೆ ಜೊತೆಗೆ ಬರುವ ರೋಮೆಡ್‌ಗೆ ಗೊತ್ತು.

ರೋಮೆಡ್ ಪಂಚಾಯಿತಿ ಕಚೇರಿಯವನು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವುದು ಸುಳ್ಳು ವಾಸ ಅಂತ ನೋಡಿ ಬರೆಯುವುದು ಅವನ ಕೆಲಸ. ವರ್ಷವೂ ಮಕ್ಕಳ ಹಿಂದೆ ಅವನೇ ಹೋಗುತ್ತಾನೆ. "ನಾನು ಕರೆಂಟಿನ ಮೀಟರ್ ನೋಡಲ್ಲ, ಬಾಗಿಲ ನೆತ್ತಿ ನೋಡ್ತೀನಿ" ಅಂತ ಹೆಂಡದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಆ ವರ್ಷ ಅವನು ಬಾಗಿಲಲ್ಲಿ ನಿಂತು, "ಓ, ಬುರ್ಗಿಯಕ್ಕ! ಈ ಕಟ್ಟಡದಲ್ಲೂ ಸುಣ್ಣ ಹಿಡಿಯೋ ಬಾಗಿಲು ಒಂದಿದೆ ಅಂತಾಯ್ತು" ಅಂದ. ಮಕ್ಕಳು ಹಾಡಿದರು. ಒಣಹಣ್ಣಿನ ರೊಟ್ಟಿ ಕೊಯ್ದು ಕೊಟ್ಟೆ. ಹೋಟೆಲಿನ ಕೋಣೆಯಲ್ಲಿದ್ದಾಗ ನನ್ನ ಬಾಗಿಲಿಗೆ ಯಾರೂ ಬರೆದಿರಲಿಲ್ಲ; ಹೋಟೆಲಿನ ದೊಡ್ಡ ಬಾಗಿಲಿಗೆ ಬರೆದರೆ ಎಲ್ಲರಿಗೂ ಆಯಿತು ಅಂತ ಲೆಕ್ಕ. ಮಕ್ಕಳು ಹೋದಮೇಲೆ ಬಾಗಿಲು ತೆರೆದಿಟ್ಟುಕೊಂಡು ಆ ಅಕ್ಷರಗಳನ್ನು ನೋಡುತ್ತಾ ನಿಂತೆ. ಚಳಿ ಒಳಗೆ ಬಂದರೂ ನಿಂತೆ.

ಫೆಬ್ರವರಿಯಲ್ಲಿ ಅವರು ಬಂದರು. ಈಸ್ಟರ್‌ಗೆ ಬಂದರು. ಪ್ರತಿ ಸಲವೂ ನಾನು ನನ್ನನ್ನು ಆ ಮನೆಯಿಂದ ಪೂರ್ತಿ ಒರೆಸಿ ತೆಗೆಯಬೇಕಿತ್ತು. ಭರಣಿ, ಪಾತ್ರೆ, ಗಡಿಯಾರ, ಹೊದಿಕೆ, ಮನೆಚಪ್ಪಲಿ, ಇಸ್ತ್ರಿಪೆಟ್ಟಿಗೆ, ಸ್ನಾನದ ಕೋಣೆಯ ಬಾಚಣಿಗೆಯಲ್ಲಿನ ಕೂದಲು. ಎಲ್ಲವನ್ನೂ ಚೀಲಗಳಿಗೆ ತುಂಬಿ, ಲಿಫ್ಟಿನಲ್ಲಿ ಇಳಿಸಿ, ನೆಲಮಾಳಿಗೆಯಲ್ಲಿ ಸ್ಕೀ ಇಡುವ ಕಂಬಿ ಗೂಡಿನೊಳಗೆ ಪೇರಿಸುತ್ತಿದ್ದೆ. ಆಮೇಲೆ ಮೇಲೆ ಬಂದು ಅವರ ಹಾಸಿಗೆ ಹಾಕಿ, ಮೂಲೆ ಮಡಿಸಿ, ಕಿಟಕಿ ತೆಗೆದು ಎಲೆಕೋಸಿನ ವಾಸನೆ ಹೊರಗೆ ಕಳಿಸುತ್ತಿದ್ದೆ. ಅದರಲ್ಲಿ ನನ್ನಷ್ಟು ಪಳಗಿದವರಿಲ್ಲ. ಒಂದು ಕೋಣೆಯಲ್ಲಿ ಮುಂಚೆ ಯಾರೂ ಮಲಗಿಯೇ ಇರಲಿಲ್ಲ ಅನ್ನಿಸುವ ಹಾಗೆ ಮಾಡುವುದೇ ಹೋಟೆಲಿನಲ್ಲಿ ಕಲಿತದ್ದು.

ಅಲ್ಲಿಂದ ಸೆಂಜಿಯ ಮನೆ. ಅವಳ ಒಲೆಯ ಸುತ್ತಲಿನ ಹಲಗೆಯ ಮೇಲೆ ಮಲಗುತ್ತಿದ್ದೆ. ಹಲಗೆ ಬೆಚ್ಚಗೇನೋ ಇತ್ತು. ಆದರೆ ಮಗ್ಗುಲು ಬದಲಿಸಿದರೆ ಕೆಳಗೆ ಬೀಳುವಷ್ಟೇ ಅಗಲ.

ಎರಡನೇ ಕ್ರಿಸ್‌ಮಸ್‌ಗೆ ಚೀಲ ಇಳಿಸುವಾಗ ಲಿಫ್ಟಿನ ಮುಂದೆ ಎರಡು ಸಲ ಕೂರಬೇಕಾಯಿತು. ಸೆಂಜಿ ಬಾಗಿಲು ತೆಗೆದು ನೋಡಿದಳು.

"ಬಂದ್ಲು ನೋಡಿ, ನಮ್ಮೂರಿನ ಪ್ರವಾಸಿ. ವರ್ಷಕ್ಕೆ ಮೂರು ರಜ, ಮೂರೂ ನನ್ನ ಒಲೆ ಪಕ್ಕ." ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಕೂತ್ಕೊಳೇ. ನೀನು ಬಣ್ಣಗೆಟ್ಟ ಬಟ್ಟೆ ಹಾಗಿದ್ದೀಯ."

"ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಸೆಂಜಿ."

"ಹಾಗಂತ ಅವರಿಗೆ ಹೇಳು."

"ಹೇಳಿದ್ರೆ ಬೇರೆ ಯಾರನ್ನಾದ್ರೂ ಇಟ್ಕೋತಾರೆ. ವಾಸ ಮಾಡೋಕೆ ಕಾಯ್ತಿರೋರು ಬೇಕಾದಷ್ಟಿದ್ದಾರೆ."

ಸೆಂಜಿ ನನ್ನ ಸೂಪಿಗೆ ಇನ್ನೊಂದು ಹಿಟ್ಟಿನ ಉಂಡೆ ಹಾಕಿದಳು.

ಮೂರು ರಾಜರ ಹಬ್ಬದ ಹಿಂದಿನ ದಿನ ಮಧ್ಯಾಹ್ನ ವೀಬ್ಕೆ ಫೋನ್ ಮಾಡಿದರು. ಬಿಸಿನೀರು ಬರುತ್ತಿಲ್ಲ, ಸ್ವಿಚ್ ಎಲ್ಲಿದೆ ಅಂತ. ಅದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಹೋಗಿ ಹಾಕುವುದು ಸುಲಭ. ಹಿಮ ತುಳಿದುಕೊಂಡು ಹೋದೆ. ಬಾಗಿಲ ಹೊರಗೆ ಷೂ ಕಳಚಿದೆ. ನನ್ನ ಮನೆಚಪ್ಪಲಿ ಕೆಳಗೆ ಚೀಲದಲ್ಲಿತ್ತು, ಹಾಗಾಗಿ ಒದ್ದೆ ಕಾಲುಚೀಲದಲ್ಲೇ ನಿಂತು ಗಂಟೆ ಒತ್ತಿದೆ. ಅಭ್ಯಾಸಬಲದಿಂದ ತಲೆ ಎತ್ತಿ ನೋಡಿದೆ. ಮೇಲುಪಟ್ಟಿ ಥಳಥಳ ಹೊಳೆಯುತ್ತಿತ್ತು.

"ಇಲ್ಲಿ ಮೇಲೆ ಬರೆದಿತ್ತಲ್ಲ..." ಅಂದೆ.

"ಓ, ಅದಾ!" ವೀಬ್ಕೆ ನಕ್ಕರು. "ಯಾರ ಮಕ್ಕಳೋ ಗೀಚಿಬಿಟ್ಟಿದ್ವು. ನಿಮಗೆ ಕೈ ಎಟುಕಿರಲ್ಲ ಅಂತ ಈ ಸಲ ಬಂದ ದಿನವೇ ಸ್ಟೂಲ್ ಹಾಕ್ಕೊಂಡು ನಾನೇ ಒರೆಸಿದೆ. ನೀವು ಇಷ್ಟೆಲ್ಲ ಕೆಲಸ ಮಾಡ್ತೀರಿ, ನಾನು ಅಷ್ಟಾದ್ರೂ ಮಾಡಬೇಡ್ವಾ?"

ಅವರ ಕಣ್ಣಿನಲ್ಲಿ ನನಗೆ ಉಪಕಾರ ಮಾಡಿದ ಸಂತೋಷವಿತ್ತು. ನಾನು "ಹೂಂ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಮೈಯಲ್ಲಿ ಕಸುವಿರಲಿಲ್ಲ. ಒಳಗೆ ಹೋಗಿ, ಸ್ನಾನದ ಕೋಣೆಯ ಬಾಗಿಲ ಹಿಂದಿನ ಸ್ವಿಚ್ ಹಾಕಿ, ನೀರಿನ ಡ್ರಮ್ಮು ಗುಂಯ್ ಅನ್ನುವುದು ಕೇಳಿಸುವವರೆಗೆ ಅಲ್ಲೇ ನಿಂತೆ. ನೆಲದ ಮೇಲೆ ನೀರು ಚೆಲ್ಲಿತ್ತು. ಬಟ್ಟೆ ತಗೊಂಡು ಒರೆಸುತ್ತಿದ್ದೆ.

ಆಗ ಗಂಟೆ ಆಯಿತು. ವೀಬ್ಕೆ ಬಾಗಿಲು ತೆಗೆದದ್ದು ಕೇಳಿಸಿತು. ಆಮೇಲೆ ಅವರ ದನಿ, ಮಕ್ಕಳ ಜೊತೆ ಮಾತಾಡುವಾಗ ಎಲ್ಲರೂ ಮಾಡಿಕೊಳ್ಳುವ ಆ ಸಿಹಿ ದನಿ.

"ಅಯ್ಯೋ, ಎಷ್ಟು ಚೆನ್ನಾಗಿದೆ ನಿಮ್ಮ ಕಿರೀಟ! ಆದ್ರೆ ಬಾಗಿಲು ತಪ್ಪಿ ಬಂದಿದ್ದೀರಲ್ಲ ಪುಟ್ಟ. ಇಲ್ಲಿ ಯಾರೂ ವಾಸ ಇಲ್ಲ. ನಾವು ರಜೆಗೆ ಬಂದಿರೋರು."

ಪಂಚಾಯಿತಿಯಿಂದ ಯಾರಾದರೂ ಬಂದರೆ ಏನು ಹೇಳಬೇಕು ಅಂತ ವಿಗಿಲ್ ಅವರಿಗೆ ಪಾಠ ಮಾಡಿಸಿದ್ದ. ರಟ್ಟಿನ ಕಿರೀಟ ಹಾಕಿಕೊಂಡವರ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಸಮುದ್ರದ ಕಡೆಯ ಅವರ ಊರಿನಲ್ಲಿ ಈ ಪದ್ಧತಿಯಿಲ್ಲ.

ಹಾಲಿನಲ್ಲಿ ಡಾಕ್ಟರು ಪತ್ರಿಕೆ ಮಡಿಸಿದ ಸದ್ದು. ಅದರ ಹಿಂದೆಯೇ ನನಗೆ ಗೊತ್ತಿದ್ದ ದನಿ: "ನಮಸ್ಕಾರ. ರೋಮೆಡ್ ಅಂತ. ಪಂಚಾಯಿತಿ ಕಚೇರಿ."

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಬಾಗಿಲಲ್ಲಿ ಮೂವರು ರಾಜರು, ಮೂಗು ಕೆಂಪು. ಒಬ್ಬ ರಾಜ ಹುಡುಗಿ. ಅವರ ತಲೆಯ ಮೇಲಿಂದ ರೋಮೆಡ್ ಮೇಲುಪಟ್ಟಿ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ, ನನ್ನ ಕೈಯ ಬಟ್ಟೆ ನೋಡಿದ.

"ಬುರ್ಗಿಯಕ್ಕ, ಇಲ್ಲಿ ಕೆಲಸಕ್ಕೆ ಬಂದಿದ್ದೀಯಾ?"

ಕೆಟ್ಟ ಮನುಷ್ಯನಲ್ಲ ಅವನು. ನನಗೆ ದಾರಿ ಬಿಟ್ಟುಕೊಟ್ಟೇ ಕೇಳಿದ. ಹೌದು ಅಂದರೆ ನಾನು ನೆಲ ಒರೆಸುವವಳು, ನನ್ನದೇನೂ ತಪ್ಪಿಲ್ಲ, ಹೋಗಬಹುದು. ಈ ಬಾಗಿಲಿಗೆ ಬೀಗ ಬೀಳುತ್ತದೆ, ನಾನು ಕೆಳಗಿನ ಪಟ್ಟಣದ ಎರಡು ಮಂಚದ ಕೋಣೆಗೆ ಹೋಗುತ್ತೇನೆ. ವೀಬ್ಕೆಯ ಮುಖ ಬಿಳಿಚಿಕೊಂಡಿತ್ತು. ತಾನು ಏನು ಹೇಳಿಬಿಟ್ಟೆ ಅನ್ನುವುದು ಆಗ ಅವರಿಗೆ ಹೊಳೆಯುತ್ತಿತ್ತು.

"ಇಲ್ಲ" ಅಂದೆ. "ನಾನು ಇರೋದು ಇಲ್ಲೇ."

ಇದೇ ಮಾತನ್ನು ಹೇಳುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಅದನ್ನು ಹೇಳುವಾಗ ಅದು ನಿಜವಾಗಿರುತ್ತದೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ.

ರೋಮೆಡ್ ನೆಲ ನೋಡಿದ. ಗೋಡೆಯ ಪಕ್ಕದಲ್ಲಿ ಎರಡೇ ಜೊತೆ ಮನೆಚಪ್ಪಲಿ, ಕುರಿಚರ್ಮದ್ದು, ಹೊಸದು. ನನ್ನ ಕಾಲುಚೀಲದ ಸುತ್ತ ನೆಲ ಒದ್ದೆಯಾಗಿತ್ತು.

"ಇರೋದು ಇಲ್ಲಾದ್ರೆ ನಿನ್ನ ಚಪ್ಪಲಿ ಎಲ್ಲಿ?"

ನಮ್ಮ ಊರಿನಲ್ಲಿ ಮನೆಚಪ್ಪಲಿಯಿಲ್ಲದ ಮನೆಯವಳು ಇಲ್ಲ. ಅವನು ಗೋಡೆ ನೋಡಿದ, ಗೂಟ ನೋಡಿದ, ಕಿಟಕಿಯ ಕಟ್ಟೆ ನೋಡಿದ. ಅಲ್ಲೆಲ್ಲೂ ನಾನಿರಲಿಲ್ಲ. ಅಷ್ಟು ಚೆನ್ನಾಗಿ ನನ್ನನ್ನು ಒರೆಸಿ ತೆಗೆದಿದ್ದೆ. ನನ್ನ ಹೆಸರಿನ ಹಾಗಿದ್ದ ಸುಣ್ಣದ ಗೆರೆ ಒಂದಿತ್ತು, ಅದನ್ನು ವೀಬ್ಕೆ ಒರೆಸಿದ್ದರು.

ಆಗ ನಾನು ಹೇಳಿದ ಮಾತು ಯೋಚಿಸಿ ಹೇಳಿದ್ದಲ್ಲ, ಜಾಣತನವೂ ಅಲ್ಲ. ನಿಲ್ಲುವುದಕ್ಕೆ ಆಗುತ್ತಿರಲಿಲ್ಲ, ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕೂತುಬಿಟ್ಟೆ.

"ಡಾಕ್ಟರೇ, ಕೆಳಗೆ ಸ್ಕೀ ಇಡೋ ಗೂಡಲ್ಲಿ ನನ್ನ ಚೀಲಗಳಿವೆ. ತಂದುಕೊಡಿ. ನನ್ನ ಕೈಲಿ ಇನ್ನು ಆಗಲ್ಲ."

ಡಾಕ್ಟರ್ ಬ್ರೋಡರ್ಸನ್ ಹೆಂಡತಿಯನ್ನು ನೋಡಿದರು, ರೋಮೆಡ್‌ನನ್ನು ನೋಡಿದರು. ಆಮೇಲೆ ಬೀಗದಕೈ ತಗೊಂಡು ಕೆಳಗಿಳಿದರು. ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಸದ್ದು ಎಷ್ಟು ಹೊತ್ತು ಕೇಳಿಸಿತೋ. ಒಂದೊಂದೇ ಚೀಲ ತಂದು ಹಾಲಿನ ನಡುವೆ ಇಟ್ಟರು. ಕೊನೆಯ ಕಪ್ಪು ಚೀಲ ಇಡುವಾಗ ಏದುಸಿರು ಬಿಡುತ್ತಿದ್ದರು.

"ಇದರಲ್ಲೇನಿದೆ? ಕಲ್ಲಾ?"

"ಇಸ್ತ್ರಿಪೆಟ್ಟಿಗೆ. ಹಳೇದು."

ವೀಬ್ಕೆ ಮಂಡಿಯೂರಿ ಚೀಲಗಳನ್ನು ಬಿಚ್ಚಿದರು. ಹೊದಿಕೆ ಬಂತು, ಗಡಿಯಾರ ಬಂತು, ಹಳೆ ಪತ್ರಿಕೆಯಲ್ಲಿ ಸುತ್ತಿದ ಭರಣಿ ಬಂತು, ಹಿಮ್ಮಡಿ ಸವೆದ ನನ್ನ ಬೂದು ಚಪ್ಪಲಿ ಬಂತು. ರಾಜನಾಗಿದ್ದ ಹುಡುಗಿ ಕತ್ತು ಉದ್ದ ಮಾಡಿ, "ರೊಟ್ಟಿ ಡಬ್ಬ! ಹೋದ ವರ್ಷದ್ದು" ಅಂದಳು.

"ಇದನ್ನೆಲ್ಲ... ನಾವು ಬಂದಾಗಲೆಲ್ಲ ನೀವು ಕೆಳಗೆ ಹೊತ್ತಿದ್ರಾ?" ವೀಬ್ಕೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ನಿಮ್ಮ ಮಗಳ ಮನೇಲಿ ಎಲ್ಲಾ ಇದೆ ಅಂತ ವಿಗಿಲ್ ಹೇಳಿದ್ರು."

"ನನಗೆ ಮಗಳಿಲ್ಲ."

"ಮತ್ತೆ ಮಲಗೋದು ಎಲ್ಲಿ?"

"ಸೆಂಜಿ ಮನೆ ಹಲಗೆ ಮೇಲೆ" ಅಂದ ರೋಮೆಡ್, ನಾನು ಬಾಯಿ ತೆರೆಯುವ ಮುಂಚೆ. ಅವನಿಗೆ ಅದು ಗೊತ್ತಿತ್ತು. ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ?

ವೀಬ್ಕೆ ಆ ಚಪ್ಪಲಿಗಳನ್ನು ತಂದು ನನ್ನ ಕಾಲ ಮುಂದೆ ಇಟ್ಟರು, ಎರಡನ್ನೂ ಸಮವಾಗಿ. ನಾನು ಹಾಕಿಕೊಂಡೆ. ತಣ್ಣಗಿದ್ದವು.

"ಮಕ್ಕಳಿಗೆ ಚಳಿ ಆಗ್ತಿದೆ" ಅಂದೆ. "ಒಳಗೆ ಬನ್ರೋ."

ರಾಜರು ಒಳಗೆ ಬಂದು ಹಾಡಿದರು. ನಡುವಿನವನು ಎರಡನೇ ಚರಣ ಮರೆತ. ಹುಡುಗಿ ಅವನ ಕಾಲು ತುಳಿದಳು. ಡಾಕ್ಟರು ಚೀಲಗಳ ಮಧ್ಯೆ ಕೈಕಟ್ಟಿ ನಿಂತಿದ್ದರು, ತಮ್ಮ ಮನೆಯಲ್ಲೇ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದವರ ಹಾಗೆ. ಹಾಡು ಮುಗಿದಮೇಲೆ ವೀಬ್ಕೆ ತಾವೇ ಹೋಗಿ ಸ್ಟೂಲ್ ತಂದು ಬಾಗಿಲ ಕೆಳಗೆ ಇಟ್ಟರು, ಒರೆಸುವುದಕ್ಕೆ ಹತ್ತಿದ್ದ ಅದೇ ಸ್ಟೂಲ್. ಹುಡುಗಿ ಹತ್ತಿ ಬರೆದಳು. ರೊಟ್ಟಿ ಡಬ್ಬ ಖಾಲಿಯಿತ್ತು. ವೀಬ್ಕೆ ತಮ್ಮ ಊರಿಂದ ತಂದಿದ್ದ ಬಾದಾಮಿ ಸಿಹಿಯನ್ನು ಅದರಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಮಕ್ಕಳಿಗೆ ಕೊಟ್ಟೆ.

ಮಕ್ಕಳನ್ನು ಲಿಫ್ಟಿಗೆ ಕಳಿಸಿ ರೋಮೆಡ್ ಬಾಗಿಲಲ್ಲೇ ನಿಂತ.

"ನೋಡಿ, ಹಾಡೋಕೆ ಬಂದವನು ಕಚೇರಿ ಮಾತಾಡೋದು ಚೆನ್ನಾಗಿರಲ್ಲ. ಫೆಬ್ರವರಿ ರಜೆಯಲ್ಲಿ ನಾನು ಕಚೇರಿಯವನಾಗಿ ಬರ್ತೀನಿ. ಯಾವತ್ತು ಅಂತ ಹೇಳಲ್ಲ. ಆ ಮಂಚದ ಮೇಲೆ ಯಾರು ಮಲಗ್ತಿದ್ದಾರೋ ಅವರದು ವಾಸ ಅಂತ ಬರೀತೀನಿ. ಬುರ್ಗಿಯಕ್ಕನಾದ್ರೆ ಸರಿ. ಅವಳ ಚೀಲ ಕೆಳಗಿದ್ರೆ ಬೀಗ."

"ಅಂದ್ರೆ ನಾವು?" ಅಂದರು ಡಾಕ್ಟರು.

"ನೆಂಟರು. ನೆಂಟರು ಬರಬಾರದು ಅಂತ ಯಾವ ಕಾನೂನೂ ಇಲ್ಲ. ಮನೆಯವಳು ಕರೆದ್ರೆ ಬನ್ನಿ."

"ಈ ಮನೆ ಕೊಂಡಿದ್ದು ನಾನು!"

"ಹೌದು" ಅಂದ ರೋಮೆಡ್. "ಒಳ್ಳೇ ಮನೆ ಕೊಂಡಿದ್ದೀರಿ." ಟೋಪಿ ಹಾಕಿಕೊಂಡು ಹೊರಟುಹೋದ.

ಆಮೇಲೆ ಡಾಕ್ಟರಿಗೆ ಸಿಟ್ಟು ಬಂತು. ಬಾಲ್ಕನಿಗೆ ಹೋಗಿ ವಿಗಿಲ್‌ಗೆ ಫೋನ್ ಮಾಡಿದರು. ವಿಗಿಲ್ ಎತ್ತಲಿಲ್ಲ. ಒಳಗೆ ಬಂದು, ಈ ಮನೆ ಮಾರಿಬಿಡ್ತೀನಿ ಅಂದರು.

"ಮಾರು" ಅಂದರು ವೀಬ್ಕೆ. "ಯಾರಿಗೆ ಮಾರ್ತೀಯ? ಇಲ್ಲಿ ಬದುಕೋರಿಗೇ ಮಾರಬೇಕು. ಇಲ್ಲಿ ಬದುಕೋರು ಅಲ್ಲಿ ಕೂತಿದ್ದಾರೆ, ನೋಡು."

ಡಾಕ್ಟರು ಸೋಫಾದ ಮೇಲೆ ಕೂತು, ಚೀಲ ಹೊತ್ತ ಭುಜ ಉಜ್ಜಿಕೊಂಡರು. ಕಿಟಕಿಯ ಆಚೆ ಬೆಟ್ಟ ನೀಲಿಗೆ ತಿರುಗುತ್ತಿತ್ತು. "ಈ ಸೋಫಾ ಬಿಚ್ಚಿದ್ರೆ ಇಬ್ಬರು ಮಲಗಬಹುದಾ?" ಅಂದರು, ಯಾರನ್ನೂ ನೋಡದೆ.

"ಮಲಗಬಹುದು" ಅಂದೆ. "ನಡುವೆ ಒಂದು ಕಂಬಿ ಚುಚ್ಚುತ್ತೆ."

ವೀಬ್ಕೆ ಮಲಗುವ ಕೋಣೆಗೆ ಹೋಗಿ ತಮ್ಮ ಹಾಸಿಗೆ ತೆಗೆದು ನನ್ನದು ಹಾಕಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೂಲೆಗಳನ್ನು ತಪ್ಪಾಗಿ ಮಡಿಸುತ್ತಿದ್ದರು. ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ನನಗೆ ನೆನಪಿರುವ ಹಾಗೆ ಇನ್ನೊಬ್ಬರು ನನಗೆ ಹಾಸಿಗೆ ಹಾಕಿದ್ದು ಅದೇ ಮೊದಲು.

ಮಾರನೆಯ ದಿನ ಅವರು ಹೊರಟುಹೋದರು. ಡಾಕ್ಟರು ಕೈ ಕುಲುಕಿದರು. ಮುಂದೆ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಚೀಲಗಳನ್ನು ಅರ್ಧ ಬಿಚ್ಚಿ ಅರ್ಧ ಹಾಗೇ ಇಟ್ಟುಕೊಂಡು ಆ ತಿಂಗಳು ಕಳೆದೆ.

ಫೆಬ್ರವರಿಯಲ್ಲಿ ವೀಬ್ಕೆ ಒಬ್ಬರೇ ಬಂದರು. ಬೀಗದಕೈ ಅವರ ಹತ್ತಿರವೇ ಇತ್ತು. ಆದರೂ ಗಂಟೆ ಒತ್ತಿದರು. ಬಾಗಿಲು ತೆಗೆದರೆ ಕೈಯಲ್ಲಿ ಕುರಿಚರ್ಮದ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು, ಸೆಂಜಿ ಬರುವ ಹಾಗೆ.

"ಬರಬಹುದಾ? ನಾಲ್ಕು ದಿನ ಇದ್ದು ಹೋಗ್ತೀನಿ."

"ಡಾಕ್ಟರು?"

"ಅವರು ಹೋಟೆಲಲ್ಲಿ ಇಳ್ಕೊಂಡಿದ್ದಾರೆ. ಈಜುಕೊಳ ಇದೆಯಂತೆ. ಮನೆ ಇರಲಿ ಬಿಡು ಅಂದ್ರು. ಸಿಟ್ಟು ಇನ್ನೂ ಇದೆ. ಆ ಕಪ್ಪು ಚೀಲ ಅವರಿಗೆ ಮರೆತಿಲ್ಲ."

ನಾನು ಸೋಫಾ ಬಿಚ್ಚಿ, ಕಂಬಿಯ ಮೇಲೆ ದಪ್ಪ ಹೊದಿಕೆ ಮಡಿಸಿ ಹಾಕಿದೆ. ಹಗಲು ಅವರು ಬೆಟ್ಟಕ್ಕೆ ಹೋಗಿ ಬರುತ್ತಿದ್ದರು. ಇಲ್ಲವೇ ಬಾಲ್ಕನಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ನನ್ನ ಎಲೆಕೋಸು ತಿಂದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಅದು ಇಬ್ಬರಿಗೂ ಅನುಕೂಲವಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಮಲಗಿದವಳಿಗೆ ಎಚ್ಚರವಾದಾಗ ಕೋಣೆ ಕತ್ತಲಾಗುತ್ತಿತ್ತು. ಹೊರಗೆ ಇಳಿಜಾರಿಗೆ ಹಿಮ ಉಗುಳುವ ಯಂತ್ರಗಳು ಶುರುವಾಗಿದ್ದವು. ಎದ್ದು ದೀಪ ಹಾಕಬೇಕು ಅಂತ ಕಾಲು ಒಂದು ಸಲ ಅಲ್ಲಾಡಿತು. ಹಾಕಲಿಲ್ಲ. ಹಾಗೇ ಮಲಗಿ, ಕಿಟಕಿಯಲ್ಲಿ ಬೆಟ್ಟ ಕಪ್ಪಾಗುವುದನ್ನು ನೋಡುತ್ತಿದ್ದೆ.

ಗಂಟೆ ಆಯಿತು. ವೀಬ್ಕೆ ಬಾಗಿಲು ತೆಗೆದರು.

"ಮನೆಯವರು ಮಲಗಿದ್ದಾರೆ" ಅನ್ನುವುದು ಕೇಳಿಸಿತು. "ನಾನು ನೆಂಟಳು."

ಕಾಲುಚೀಲದ ಹೆಜ್ಜೆ ಕೋಣೆಯವರೆಗೆ ಬಂದು ನಿಂತಿತು. ರೋಮೆಡ್. ಕೈಯಲ್ಲಿ ಟೋಪಿ.

"ಕೆಳಗಿಂದ ನೋಡ್ದೆ, ಕಿಟಕಿ ಕತ್ತಲಾಗಿತ್ತು. ಯಾರೂ ಇಲ್ಲ ಅಂದ್ಕೊಂಡೆ, ಬುರ್ಗಿಯಕ್ಕ."

"ಇದ್ದೀನಿ. ಸುಸ್ತಾಗಿತ್ತು."

ಅವನು ಮಂಚ ನೋಡಿದ, ಮಂಚದ ಕೆಳಗಿನ ಚಪ್ಪಲಿ ನೋಡಿದ.

"ಏಳಬೇಡ, ಮಲಗು" ಅಂದ.

ಮಲಗಿದೆ.